ಹೂಂ

ಹನ್ನೆರಡು ವರ್ಷ ಟೋಕನ್ ಕೂಗಿದವಳು ನಾನು,
ಗುತ್ತಲು ರಸ್ತೆಯ ಕ್ಲಿನಿಕ್ಕಿನಲ್ಲಿ, ಗಾಜಿನ ಕಿಂಡಿಯ ಹಿಂದೆ.
ಡಾಕ್ಟರಿಗೆ ಹೇಳಬೇಕಾದ್ದನ್ನೆಲ್ಲ
ಜನ ನನಗೇ ಹೇಳಿ ಮುಗಿಸುತ್ತಿದ್ದರು.
ಒಳಹೋದ ಮೇಲೆ ಬರೀ 'ಜ್ವರ' ಅನ್ನುತ್ತಿದ್ದರು.

ಈಗ ಜೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ,
ಕಂತು ತೀರದ ಲ್ಯಾಪ್‌ಟಾಪು, ಗೊರಗುಡುವ ಟೇಬಲ್ ಫ್ಯಾನು.
ಚಿತ್ರ ಬರೆಯುವವಳು ನಾನು, ಕೋಡ್ ಬರೆಯುವವಳು ನಾನು,
ತಪ್ಪು ಹುಡುಕುವವಳೂ, ಆ ತಪ್ಪು ಮಾಡಿದವಳೂ.
ಒಂದು ಕೈಲಿ ಚಪ್ಪಾಳೆ ಆಗಲ್ಲ ಅಂತಾರೆ.
ನಿಜ.
ಕದ ತಟ್ಟೋದಕ್ಕೆ ಒಂದೇ ಕೈ ಸಾಕು.

ಬಣ್ಣಕ್ಕೇ ಒಂದು ವಾರ ಹೋಯಿತು.
ಹಸಿರು ಬಳಿದರೆ ಔಷಧಿ ಅಂಗಡಿ,
ನೀಲಿ ಬಳಿದರೆ ಬ್ಯಾಂಕು.
ಕೊನೆಗೆ ನಿಂತದ್ದು ಅಚ್ಚಿಗೆ ಸುರಿದ ಬೆಲ್ಲದ ಬಣ್ಣ,
ಇನ್ನೂ ಆರಿರದದ್ದು.
ಗುಂಡಿ ಒಂದೇ. ಅದರ ಮೇಲೆ: ಹೇಳಿ.

ಬುದ್ಧಿಯನ್ನು ಬಾಡಿಗೆಗೆ ತಂದೆ,
ಎಲ್ಲಿಯದೋ ಸರ್ವರು, ಮಾತಿಗಿಷ್ಟು ಅಂತ ದುಡ್ಡು.
ಅದಕ್ಕೆ ಕನ್ನಡ ಬರುತ್ತೆ ಅಂದಿದ್ದರು.
ಮಂಡ್ಯ ಬರುತ್ತಿರಲಿಲ್ಲ.

ಗಾರ್ಮೆಂಟ್ಸಿನಲ್ಲಿ ಕಾಜಾ ಹೊಡೆಯುವ ಶಿವಲಿಂಗಿ
'ಆಲು ಕುಡುದ್ರೂ ನಿದ್ದೆ ಬರಾಕಿಲ್ಲ ಕಣಕ್ಕ' ಅಂದಳು.
ರಾತ್ರಿ ಹೊತ್ತು ಆಲೂಗಡ್ಡೆ ಬೇಡ, ಅಂದಿತು ಯಂತ್ರ.
ಎಳನೀರು ಗಾಡಿಯ ಬೋರಪ್ಪ
'ತಮ್ಮ ಮಾಡಿದ್ದ ನೆನುಸ್ಕಂಡ್ರೆ ಒಟ್ಟೆ ಉರೀತದೆ' ಅಂದ.
ಖಾರ ಕಮ್ಮಿ ಮಾಡಿ, ಉಂಡ ಕೂಡಲೇ ಮಲಗಬೇಡಿ.
ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ನಿಂಗಾಜಮ್ಮ
'ಎದೆ ಒಡುದೋಯ್ತು ಕಣವ್ವ, ಆ ಸುದ್ದಿ ಕೇಳಿ' ಅಂದದ್ದಕ್ಕೆ
ಆಂಬುಲೆನ್ಸಿಗೆ ಫೋನ್ ಮಾಡಲೇ ಎಂದಿತು, ಗಾಬರಿಬಿದ್ದು.
ಮೂವರೂ ನಕ್ಕರು.
ನಿಂಗಾಜಮ್ಮ ಹೆಚ್ಚು ಹೊತ್ತು ನಗಲಿಲ್ಲ.

ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು
ಕಿಟಕಿಯಿಂದ ಕಾಕಂಬಿಯ ವಾಸನೆ ಒಳಗೆ ಬರುವಾಗ
ಕೂತು ಬರೆದೆ, ಒಂದೊಂದೇ, ಅದಕ್ಕೆ ಪಾಠ:
ಜೀವ ತಡೀತಿಲ್ಲ.
ಕಳ್ಳು ಚುರ್ ಅಂತು.
ಕೈಕಾಲು ಬಿದ್ದೋದಂಗಾಯ್ತು.
ಮನ್ಸು ಮನ್ಸಲ್ಲಿಲ್ಲ.
'ಸುಮ್ಕೆ' ಅನ್ನುವ ಒಂದು ಮಾತಿಗೇ ನಲವತ್ತು ಉದಾಹರಣೆ.
ಏನಾಗಿದೆ ಅಂದರೆ 'ಏನಿಲ್ಲ, ಸುಮ್ಕೆ' ಅನ್ನುವವರಿಗೇ
ಏನೋ ಆಗಿರುತ್ತದೆ ಅಂತ
ಯಂತ್ರಕ್ಕೆ ಹೇಗೆ ಹೇಳುವುದು?
ಹೇಳಿದೆ. ಎರಡು ತಿಂಗಳು ಹೇಳಿದೆ.

ಕಲಿಯಿತು. ಕಲಿತ ಮೇಲೆ ಬುದ್ಧಿ ಹೇಳತೊಡಗಿತು.
ನೀರು ಕುಡಿಯಿರಿ. ಹತ್ತು ನಿಮಿಷ ನಡೆಯಿರಿ.
ದೀರ್ಘವಾಗಿ ಉಸಿರು ಎಳೆದುಕೊಳ್ಳಿ.
'ಉಸ್ರಾಡ್ತಾನೇ ಇವ್ನಲ್ಲ, ಅದ್ಕೇ ಅಲ್ವಾ ಕಷ್ಟ'
ಅಂತ ಬೋರಪ್ಪ ಫೋನು ಮಗುಚಿಟ್ಟ.

ಅವತ್ತು ರಾತ್ರಿ ಊಟ ಬಿಟ್ಟು ಯೋಚಿಸಿದೆ.
ಆ ಕಿಂಡಿಯ ಹಿಂದೆ ನಾನು ಕೊಟ್ಟದ್ದಾದರೂ ಏನು?
ಒಂದು ಟೋಕನ್ನು, ಚಿಲ್ಲರೆ,
ತಲೆ ಎತ್ತದೆ ಒಂದು 'ಹೂಂ'.
ಕತೆ ಹೇಳುವವರಿಗೆ ಕತೆ ಗೊತ್ತಿರುತ್ತದೆ,
ಹೂಂಗುಟ್ಟುವವರು ಬೇಕು, ಅಷ್ಟೆ.

ಮುನ್ನೂರು ಸಾಲು ಅಳಿಸಿದೆ.
ನಿಜವಾದ ಎದೆನೋವಿಗೆ ಆಂಬುಲೆನ್ಸು,
ಸಾಯುವ ಮಾತಿಗೆ ಒಬ್ಬ ಮನುಷ್ಯರ ನಂಬರು:
ಇವೆರಡನ್ನು ಮುಟ್ಟಲಿಲ್ಲ.
ಕೆಳಗೆ ಜೆರಾಕ್ಸ್ ನಿಂತ ಮೇಲೆ, ಫ್ಯಾನ್ ಆರಿಸಿ,
ನನ್ನದೇ ದನಿಯಲ್ಲಿ ನಲವತ್ತೊಂದು ಸಲ ಹೂಂ ಅಂದೆ,
ಅನುಮಾನದ್ದು, ಅಯ್ಯೋ ಅನ್ನುವಂಥದ್ದು,
ನಿದ್ದೆ ತೂಗುತ್ತಾ ಹೇಳಿದ್ದೊಂದು.
ಎಲ್ಲಿ ಯಾವುದು ಅನ್ನೋದನ್ನ ಮಾತ್ರ
ಅದಕ್ಕೇ ಬಿಟ್ಟೆ.

ಈಗ ಅರವತ್ತಮೂರು ಜನ ಇದ್ದಾರೆ.
ಅವರ ಮಾತಿಗೆ ಬೀಗ; ಬೀಗದ ಕೈ ನನ್ನ ಹತ್ತಿರವೂ ಇಲ್ಲ.
ನನಗೆ ಕಾಣುವುದು ಎಷ್ಟು ಹೊತ್ತು, ಎಷ್ಟು ಹೂಂ ಅನ್ನೋದು ಮಾತ್ರ.
ನಿನ್ನೆ ರಾತ್ರಿ ಮೂರು ಹತ್ತಕ್ಕೆ ಯಾರೋ
ಹನ್ನೊಂದು ನಿಮಿಷ.
ನನ್ನ ದನಿ ಹದಿನೇಳು ಸಲ ಹೂಂ ಅಂದಿದೆ,
ನಾನು ಗೊರಕೆ ಹೊಡೆಯುತ್ತಿದ್ದಾಗ.
ಯಾವುದಕ್ಕೆಲ್ಲ ಒಪ್ಪಿಕೊಂಡೆನೋ.

ಬೆಳಿಗ್ಗೆ ಕಾಕಡ ತಗೊಂಡರೆ
ನಿಂಗಾಜಮ್ಮ ಒಂದು ಗೇಣು ಜಾಸ್ತಿ ಅಳೆದಳು.
ಯಾಕಮ್ಮ ಅಂದೆ.
'ಸುಮ್ಕೆ' ಅಂದಳು.
ಚಿಲ್ಲರೆ ಮಾತ್ರ ಸರಿಯಾಗಿ ಎಣಿಸಿ ಕೊಟ್ಟಳು.
ನಾಳೆ ಸರ್ವರ್ ಬಾಡಿಗೆ ಕಟ್ಟಬೇಕು.